ಬಲಮೂಲೆಯ ದುಂಡು

ಸುಳ್ಳು ಯಾಕೆ ಹೇಳಲಿ? ಹದಿನೆಂಟು ವರ್ಷಗಳಿಂದ ರಾಯಚೂರಿನ ಕಾಲೇಜೊಂದರಲ್ಲಿ ಜೀವಕೋಶದ ಪಾಠ ಮಾಡುತ್ತಿದ್ದೇನೆ. ಮೊನ್ನೆಯವರೆಗೆ ಜೀವಕೋಶವನ್ನು ಕಣ್ಣಾರೆ ನೋಡಿದ್ದು ಮಾತ್ರ ಒಂದೇ ಸಲ, ಅದೂ ಇದೇ ಕಾಲೇಜಿನಲ್ಲಿ ನಾನು ಓದುವಾಗ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಮನುಷ್ಯನಿಗೆ ಅಷ್ಟು ಸಣ್ಣದನ್ನು ನೋಡುವ ತ್ರಾಣ ಎಲ್ಲಿಂದ ಬರಬೇಕು? ನಮ್ಮ ಮೈಕ್ರೋಸ್ಕೋಪುಗಳಂತೂ ಭಾರೀ ಮರ್ಯಾದಸ್ಥರು. ಹುಡುಗರು ಮುಟ್ಟಿದರೆ ಕೆಡುತ್ತವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ತಪಾಸಣೆಯವರು ಬಂದ ದಿನ ಹೊರಗೆ ಬಂದು, ಸನ್ಮಾನಕ್ಕೆ ಕರೆದವರ ಹಾಗೆ ಸಾಲಾಗಿ ಕೂತು, ಸಂಜೆಗೆ ಒಳಗೆ ಹೋಗುತ್ತವೆ.

ಹಾಗಂತ ಪ್ರಾಕ್ಟಿಕಲ್ ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ರಟ್ಟು ಕಿತ್ತುಹೋದ ಒಂದು ಹಳೇ ರೆಕಾರ್ಡ್ ಪುಸ್ತಕವಿದೆ. ಉಳ್ಳಾಗಡ್ಡಿ ಬೇರಿನಲ್ಲಿ ಕೋಶ ಒಡೆದು ಎರಡಾಗುವ ಚಿತ್ರವನ್ನು ಎಲ್ಲರೂ ಅದರಿಂದಲೇ ಇಳಿಸಿಕೊಳ್ಳುತ್ತಾರೆ. ನಡುವೆ ವರ್ಣತಂತುಗಳು, ಬಲಮೂಲೆಯಲ್ಲಿ ದಪ್ಪ ಅಂಚಿನ ದುಂಡನೆಯದೊಂದು. ಅದೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ಅದಿಲ್ಲದಿದ್ದರೆ ಎರಡು ಮಾರ್ಕ್ಸ್ ಕಟ್.

ಈ ಸಲ ದೇವದುರ್ಗದ ಹುಡುಗಿ ರೇಣುಕಾ ಆ ದುಂಡನ್ನು ಬಿಟ್ಟಿದ್ದಳು. ಕೆಂಪು ಪೆನ್ನು ಎಳೆದೆ. ಮರುದಿನವೇ ಬಂದು ನಿಂತಳು.

"ಸರ್, ಆ ದುಂಡಂದು ಏನ್ರಿ ಅದು?"

"ಅದು... ಕೋಶದ ಒಂದು ಭಾಗವ್ವಾ."

"ಯಾವ ಪುಸ್ತಕದಾಗೂ ಇಲ್ಲರೀ. ಎರಡು ಮಾರ್ಕ್ಸ್ ಕಮ್ಮಿ ಬಿದ್ರ ನನ್ನ ಎಮ್ಮೆಸ್ಸಿ ಸೀಟು ಹೋಗ್ತದ್ರಿ. ಒಮ್ಮಿ ತೋರಿಸ್ರಿ ಸರ್."

ಅವಳ ಕೈಯಲ್ಲಿ ಚಹಾದ ಗ್ಲಾಸು, ಅದರ ಬಾಯಿಗೆ ಕೂತ ಉಳ್ಳಾಗಡ್ಡಿ, ನೀರಿನೊಳಗೆ ಬಿಳಿ ಬೇರು. ಹಾಸ್ಟೆಲಿನಲ್ಲಿ ಬೆಳೆಸಿದ್ದಳಂತೆ! ಬೀಗ ತೆಗೆಯದೆ ಗತಿಯಿರಲಿಲ್ಲ.

ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲೆ ಜಜ್ಜಿ, ಅವಳೇ ಸ್ಲೈಡು ಮಾಡಿದಳು. ನಾನು ಬಗ್ಗಿ ನೋಡಿದೆ. ಮೂಲೆಯಲ್ಲಿ ಕೂತಿತ್ತು, ಅದೇ ದುಂಡು! "ನೋಡವ್ವಾ, ನಿಮ್ಮ ಸರ್ ಏನ್ ಹುಚ್ಚ ಇದ್ದಾನೇನು?" ಎಂದು ಎದೆ ಉಬ್ಬಿಸಿದೆ. ಅವಳು ಒಮ್ಮೆ ನೋಡಿ, ಮೇಲಿನ ತೆಳು ಗಾಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಮತ್ತೆ ನೋಡಲು ಹೇಳಿದಳು. ದುಂಡು ಮಾಯ.

"ಗಾಳಿ ಗುಳ್ಳಿ ರೀ ಸರ್."

ಗಾಳಿಗೆ ಹದಿನೆಂಟು ವರ್ಷ ಮಾರ್ಕ್ಸ್ ಹಾಕಿದ್ದೆ! ಅಷ್ಟೂ ವರ್ಷದ ನಾಚಿಕೆ ಒಟ್ಟಿಗೇ ಬಂತು. ನಾಚಿಕೆಯಾದಾಗ ಮೇಷ್ಟ್ರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಸಿಟ್ಟಾದೆ. "ಯಾವ ಮಂಗ್ಯಾ ಮೊದಲ ತೆಗದಾನ ಈ ಚಿತ್ರಾ?" ಎಂದು ಹಳೇ ರೆಕಾರ್ಡ್ ಎಳೆದುಕೊಂಡು ಮೊದಲ ಪುಟ ತಿರುಗಿಸಿದೆ. ಶಾಯಿ ಮಾಸಿತ್ತು. ರೇಣುಕಾ ಬಗ್ಗಿ ಓದಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. ನನ್ನದೇ ಹೆಸರು, ಊರು ಮಾನ್ವಿ.

ಅವಳ ಎರಡು ಮಾರ್ಕ್ಸ್ ಅಲ್ಲೇ ತಿರುಗಿ ಕೊಟ್ಟೆ. ಹಳೇ ರೆಕಾರ್ಡಿನಲ್ಲಿ ಗುಳ್ಳೆಯ ಪಕ್ಕ ನನ್ನ ಗುರುಗಳು ಹಸಿರು ಶಾಯಿಯಲ್ಲಿ ಬರೆದ 'ಅತ್ಯುತ್ತಮ' ಮಾತ್ರ ಇನ್ನೂ ಹಾಗೇ ಇದೆ. ಹೊಡೆದುಹಾಕಲು ಕೈ ಬರಲಿಲ್ಲ. ನನಗೆ ಈ ನೌಕರಿ ಸಿಕ್ಕಿದ್ದೇ ಆ ಮಾರ್ಕ್ಸಿನ ಮೇಲೆ.