ಅಲ್ಲಾಡದ ಮಣೆ

"ನಮ್ಮ ಅಳಿಯಂದಿರು ಸಾಲ್ಯಾಗೂ ಒಂದು ಕಡೆ ಕುಂತೋರಲ್ಲ. ಅವರು ಮಾಡಿದ ಮಣೆ ಹೆಂಗ್ರಿ ಕುಂತೀತು?"

ಹರಿಹರದ ಪಂಚಾಕ್ಷರಪ್ಪ ತುಂಬಿದ ಪಂಕ್ತಿಯ ನಡುವೆ ಈ ಮಾತು ಆಡಿದಾಗ, ನೆಂಟರೆಲ್ಲ ಹೋಳಿಗೆ ಗಂಟಲಿಗೆ ಸಿಕ್ಕುವಷ್ಟು ನಕ್ಕರು. ನಗದವರು ಇಬ್ಬರೇ. ಒಬ್ಬರು ನೆಂಟರ ಪೈಕಿಯ ಪರಮೇಶ್ವರಪ್ಪ; ಬಿಸಿ ಸಾರಿನ ಬೋಗುಣಿ ಅದರಡಿಯ ಮಣೆಯ ಸಮೇತ ವಾಲಿ, ಅವರ ಹೊಸ ಧೋತರ ಆಗಷ್ಟೇ ಸಾರು ಕುಡಿದಿತ್ತು. ಇನ್ನೊಬ್ಬ ಆ ಮಣೆ ಮಾಡಿದ ಅಳಿಯ, ಕರಿಬಸವರಾಜ.

ದಾವಣಗೆರೆಗೆ ವಾಪಸ್ಸು ಬರುವಾಗ ರೈಲಿನ ಇಂಜಿನ್ನಿಗಿಂತ ಹೆಚ್ಚು ಹೊಗೆ ಅವನಲ್ಲೇ ಏಳುತ್ತಿತ್ತು. ಬರುವ ಹುಣ್ಣಿಮೆಯ ಊಟಕ್ಕೆ ಅದೇ ಬೋಗುಣಿಯ ಕೆಳಗೆ ಮಾವನ ಬಾಯಿ ಮುಚ್ಚಿಸುವಂಥ ಮಣೆ ಇಡದಿದ್ದರೆ, ಮತ್ತೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಹೆಂಡತಿಗೆ ಹೇಳಿಯೇಬಿಟ್ಟ.

ತೇಗದ ಹಲಗೆಯನ್ನು ಕಮಲದ ಆಕಾರಕ್ಕೆ ಕೊಯ್ದ. ಕಾಲು ನಾಲ್ಕಿದ್ದರೆ ತಾನೇ ಒಂದು ಕುಂಟುವುದು ಎಂದು ಸಿಟ್ಟಿನಲ್ಲಿ ಮೂರೇ ಹಚ್ಚಿದ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮರದ ಸಣ್ಣ ಸಣ್ಣ ತೂತು ತುಂಬಿದ. ಒಣಗಿದ ಮೇಲೆ, ಮಾವನ ಬೋಳುತಲೆ ನೆನೆಯುತ್ತಾ ಉಪ್ಪುಕಾಗದದಿಂದ ತಿಕ್ಕಿದ. ನೊಣ ಕೂತರೆ ಜಾರುವಷ್ಟು ನುಣುಪಾಯಿತು. ಕೆಂಪು ಬಣ್ಣ ಬಳಿದು ಕಟ್ಟೆಯ ಮೇಲೆ ಬಿಸಿಲಿಗಿಟ್ಟ.

ಗ್ರಹಚಾರ ಶುರುವಾದದ್ದು ಅಲ್ಲಿಂದ. ಕೆ.ಬಿ. ಬಡಾವಣೆಯ ಅವನ ವಠಾರದಲ್ಲಿ ಹಸಿ ಬಣ್ಣ ಕಂಡು ಮುಟ್ಟದೆ ಮುಂದೆ ಹೋಗುವ ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ನೀರಿಗೆ ಹೊರಟ ಉಡಚಮ್ಮ "ಒಣಗೈತೇನಪ್ಪ?" ಎಂದು ಬೆರಳು ಒತ್ತಿದಳು. ಒಣಗಿರಲಿಲ್ಲ. ಅವನು ತಿಕ್ಕಿ ಮತ್ತೆ ಬಳಿದ. ಪಕ್ಕದ ಮನೆಯ ಓಬಯ್ಯ ಸುದ್ದಿ ಕೇಳಿ ಓಡಿ ಬಂದು, ಎಂಥ ಬುದ್ಧಿಯಿಲ್ಲದ ಹೆಂಗಸು ಎಂದು ಬೈಯುತ್ತಾ, ಆಕೆ ಎಲ್ಲಿ ಒತ್ತಿದ್ದಳೆಂದು ತನ್ನ ಬೆರಳಿನಿಂದಲೇ ತೋರಿಸಿದ. ಮತ್ತೆ ತಿಕ್ಕಿದ್ದಾಯಿತು, ಮತ್ತೆ ಬಳಿದದ್ದಾಯಿತು. ಹೀಗೆ ಬಣ್ಣದ ಮೇಲೆ ಬಣ್ಣ ಏರಿ ಮಣೆ ಕನ್ನಡಿಯಾಯಿತು. ಕೊನೆಗೆ ಅದರ ಮೇಲೆ ಬುಟ್ಟಿ ಕವುಚಿ, ದೊಣ್ಣೆ ಹಿಡಿದು ಕಾವಲು ಕೂತ. ಲಿಂಗವಂತರ ಹುಡುಗ ಕೋಳಿ ಸಾಕಿದ್ದಾನೆಂದು ವಠಾರದಲ್ಲಿ ಗುಸುಗುಸು ಹಬ್ಬಿತು.

ಹುಣ್ಣಿಮೆಯ ಬೆಳಿಗ್ಗೆ, ರೈಲಿಗೆ ಹೊರಡುವ ಗಡಿಬಿಡಿಯಲ್ಲಿ, ಅಡಿಭಾಗ ಒಣಗಿದೆಯೋ ಇಲ್ಲವೋ ಎಂದು ತಾನೇ ಹೆಬ್ಬೆರಳು ಒತ್ತಿ ನೋಡಿದ. ಒಣಗಿರಲಿಲ್ಲ. ತಿಕ್ಕಲು ಹೊತ್ತೂ ಇರಲಿಲ್ಲ.

ಹರಿಹರದಲ್ಲಿ ಅತ್ತೆ ದ್ರಾಕ್ಷಾಯಣಮ್ಮ ಅದರ ಮೇಲೆ ಕುದಿಯುವ ಬೋಗುಣಿ ಇಟ್ಟರು. ಸಾರು ಅಲುಗಲಿಲ್ಲ. ಧೋತರ ಮಡಚಿಕೊಂಡು ದೂರ ಕೂತಿದ್ದ ಪರಮೇಶ್ವರಪ್ಪ ಮೆಲ್ಲಗೆ ಹತ್ತಿರ ಸರಿದು ಮತ್ತೆ ಮತ್ತೆ ಸಾರು ಬಡಿಸಿಕೊಂಡರು. ಊಟ ಮುಗಿದು ಬೋಗುಣಿ ಎತ್ತಿದರೆ ಬಣ್ಣ ಎಳ್ಳಷ್ಟೂ ಎದ್ದಿರಲಿಲ್ಲ. ಮಣೆ ಕೈಯಿಂದ ಕೈಗೆ ಹೋಯಿತು. ಗಂಡಸರು ಅದರಲ್ಲಿ ಮೀಸೆ ನೋಡಿಕೊಂಡರು.

"ಎಲ್ಲಿ ಸಿಕ್ತ್ರಿ ಇದು?" ಮಾವ ಕೇಳಿದರು.

"ನಾನೇ ಮಾಡಿದ್ದು, ಮಾವ."

ಪಂಕ್ತಿ ಹೋದ ಸಲಕ್ಕಿಂತ ಜೋರಾಗಿ ನಕ್ಕಿತು. ಪಂಚಾಕ್ಷರಪ್ಪ ಮಣೆ ಮಗುಚಿ, ಕನ್ನಡಕ ಏರಿಸಿ, ಅಡಿಯ ಗುರುತನ್ನು ಎಲ್ಲರಿಗೂ ತೋರಿಸಿದರು.

"ನೋಡ್ರಿ, ಮಾಡಿದೋನು ಇದು ನಂದು ಅಂತ ಹೆಬ್ಬೆಟ್ಟು ಒತ್ತ್ಯಾನೆ. ಇಂಥ ಕೈಗೆ ನಮಸ್ಕಾರ ಮಾಡಬೇಕು." ಆ ಗುರುತಿಗೆ ಕೈಮುಗಿದು ಕಣ್ಣಿಗೊತ್ತಿಕೊಂಡರು. "ಸುಳ್ಳು ಯಾಕ್ರಿ ಅಳಿಯಂದಿರೇ? ಆ ಪುಣ್ಯಾತ್ಮನ ಹತ್ರ ಹೋಗಿ ಒಂದೀಟು ಕೆಲಸ ಕಲೀರಿ. ಬರೋವಾಗ ಇಂಥದೇ ಇನ್ನೊಂದು ಜೋಡಿ ತರ್ರಿ."

ಕರಿಬಸವರಾಜ ತನ್ನ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪು ಇನ್ನೂ ಇತ್ತು. ಮಾವ ಕೈಮುಗಿದ ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟು, ಎದೆ ಸೆಟೆಸಿ, ಪಂಕ್ತಿ ದಾಟಿ ನಡೆದ.