ಹಳೇ ತೋಟಾ ಮೇಲೋ, ಹೊಸ ತೋಟಾ ಮೇಲೋ

ತಲೆ ಕೆಡಿಸುವ ಜನ ನನ್ನ ಪಾಲಿಗೆ ಯಾವಾಗಲೂ ಜೋಡಿಯಾಗಿಯೇ ಬರುತ್ತಾರೆ. ಈ ಸಲ ಬಂದವರು ನನ್ನ ಮಾವ ಮತ್ತು ನನ್ನ ಸಹೋದ್ಯೋಗಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಂದು: ವಾಯ್ಡ್ ಡೆಕ್‌ನಲ್ಲಿ ಬೇಟೆ

ಮಾವ ಧಾರವಾಡದ ಕಡೆಯವರು. ಎರಡು ತಿಂಗಳು ಮಗಳ ಮನೆಯಲ್ಲಿರಲು ಸಿಂಗಪುರದ ಜುರಾಂಗ್ ವೆಸ್ಟ್‌ಗೆ ಹೊರಟಾಗಲೇ ಫೋನಿನಲ್ಲಿ ಎಚ್ಚರಿಸಿದ್ದೆ. "ಮಾವ, ಇಲ್ಲೇ ಕಾಯಂ ಇರೋಕೆ ಹಾಕಿರೋ ನಮ್ಮ ಪಿಆರ್ ಅರ್ಜಿ ಇನ್ನೂ ಪೆಂಡಿಂಗ್ ಇದೆ. ಇಲ್ಲಿ ಬಂದೂಕಿನ ಖಾಲಿ ತೋಟಾ ಸಿಕ್ಕಿದ್ರೂ ಪೊಲೀಸ್ ಕೇಸ್ ಆಗತ್ತೆ. ಬೇಟೆ ಸಾಮಾನು ಒಂದೂ ತರಬೇಡಿ."

"ಒಂದೂ ತರಂಗಿಲ್ರಿ" ಅಂದರು.

ಟುವಾಸ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಬೆಂಗಳೂರಿನವನೊಬ್ಬ ನ್ಯೂಜಿಲೆಂಡಿಗೆ ಹೋಗಿ ಜಿಂಕೆ ಹೊಡೆದು ಬಂದಿದ್ದ. ಇಬ್ಬರನ್ನೂ ಪರಿಚಯ ಮಾಡಿಸಿದ ಪಾಪಿ ನಾನೇ. ಪ್ರತಿ ಸಂಜೆ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಅಂತಸ್ತಿನಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಜಗಳ.

"ಅಂಕಲ್, ನಿಮ್ಮ ತ್ರೀ ಒನ್ ಫೈವ್ ತೋಟಾ ಮ್ಯೂಸಿಯಂ ಪೀಸು. ನನ್ನ ಸಿಕ್ಸ್ ಪಾಯಿಂಟ್ ಫೈವ್ ಮುನ್ನೂರು ಗಜ ಆದ್ರೂ ನೆಟ್ಟಗೆ ಹೋಗತ್ತೆ. ಭುಜಕ್ಕೆ ಒದೆಯೋದೂ ಕಮ್ಮಿ."

"ಮುನ್ನೂರು ಗಜದಿಂದ ಹೊಡ್ಯಾವ ಬ್ಯಾಟಿಗಾರ ಅಲ್ಲೋ, ಅಂಜುಬುರುಕ! ನಮ್ಮ ಗುಂಡು ದಪ್ಪ. ಹಂದಿ ನಿಂತಲ್ಲೇ ಬೀಳತೈತಿ."

ಮಾವ ಜನ್ಮದಲ್ಲಿ ಹೊಡೆದದ್ದು ಒಂದೇ ಹಂದಿ, ಅದೂ ಹರೆಯದಲ್ಲಿ, ಜೋಳದ ಹೊಲಕ್ಕೆ ನುಗ್ಗಿದ್ದು. ಇವನದು ಒಂದು ಜಿಂಕೆ. ಎರಡು ಪ್ರಾಣಿಗೆ ಎರಡು ತಿಂಗಳು ನನ್ನ ತಲೆ ತಿಂದರು.

ಎರಡು: ನಿಜವಾದ ಹಂದಿ

ಒಂದು ಭಾನುವಾರ ನಾವು ನಾಲ್ವರೂ ಪಾರ್ಕಿಗೆ ಹೋಗಿದ್ದಾಗ ಕಾಡುಹಂದಿಯೇ ಎದುರಾಯಿತು.

"ನಲವತ್ತು ಗಜ. ನಂದು ಸಾಕು" ಅಂದರು ಮಾವ.

"ಗಾಳಿ ಇದೆ ಅಂಕಲ್, ನಂದೇ ಬೇಕು" ಅಂದ ಇವನು.

ಹಂದಿ ಎರಡು ಹೆಜ್ಜೆ ಮುಂದೆ ಬಂತು. ಬೇಟೆಗಾರರಿಬ್ಬರೂ ಬೆಂಚು ಹತ್ತಿದರು. ನನ್ನ ಹೆಂಡತಿ ಫಟ್ಟನೆ ಕೊಡೆ ಬಿಚ್ಚಿದಳು, ಹಂದಿ ಪೊದೆ ಸೇರಿತು. ಬೆಂಚಿನಿಂದ ಇಳಿಯುವ ಮೊದಲೇ ಮಾವ ಕೇಳಿದರು: "ಮಗಳ, ಆ ಕೊಡಿ ಹಳೇದೇನು, ಹೊಸದೇನು?"

ಮೂರು: ಪೂಜಾ ಡಬ್ಬಿ

ಮಾವ ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಸಹೋದ್ಯೋಗಿಯೂ ಬಂದಿದ್ದ. ಚೆಕ್-ಇನ್ ಮಾಡಿದ ಬ್ಯಾಗಿನಲ್ಲಿ ಏನೋ ಕಂಡಿತೆಂದು ಪೊಲೀಸರು ಮೂವರನ್ನೂ ಒಂದು ರೂಮಿಗೆ ಕರೆದರು. ಮಾವನ ಪೂಜಾ ಡಬ್ಬಿಯಿಂದ ಹೊರಬಂದದ್ದು, ಬಾಯಿಗೆ ಬಿರಡೆ ಹಾಕಿದ ಹಿತ್ತಾಳೆ ತೋಟಾ!

ಪಿಆರ್ ಹೋಯಿತು, ಕೆಲಸವೂ ಹೋಯಿತು ಅಂದುಕೊಂಡೆ. "ಮಾವ! ನಾನೇನು ಹೇಳಿದ್ದೆ ನಿಮಗೆ?" ಎಂದು ಕಿರುಚಿದೆ.

"ಬ್ಯಾಟಿ ಸಾಮಾನು ಬ್ಯಾಡ ಅಂದಿದ್ರಿ. ಇದು ಪೂಜಿ ಸಾಮಾನ್ರಿ" ಅಂದರು ಮಾವ. ಪೊಲೀಸರು ಬಿರಡೆ ತೆಗೆದರೆ ಒಳಗೆ ವಿಭೂತಿ. ಆ ಒಂದೇ ಒಂದು ಹಂದಿಗೆ ಹೊಡೆದ ತೋಟಾ ಅಂದಿನಿಂದ ದೇವರ ಮನೆ ಸೇರಿತ್ತಂತೆ.

ಎರಡು ಗಂಟೆ ವಿಚಾರಣೆ. ವಿಮಾನ ಹಾರಿಹೋಯಿತು. ಕೊನೆಗೆ ತೋಟಾ ಇಟ್ಟುಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ಹೊರಗೆ ಬಂದವನೇ ನಾನು ಸಿಟ್ಟಿನಲ್ಲೇ ಫೋನ್ ತೆಗೆದು ಮರುದಿನದ ಟಿಕೆಟ್ ಹುಡುಕತೊಡಗಿದೆ. ಸಹೋದ್ಯೋಗಿ ಮೆಲ್ಲಗೆ ಕೇಳಿದ: "ಅಂಕಲ್, ಅದ್ರಲ್ಲಿ ಎಷ್ಟು ದಿನದ ವಿಭೂತಿ ಹಿಡಿಯತ್ತೆ?"

"ತಿಂಗಳದ್ದು."

ಅವನು ಕಣ್ಣು ಮುಚ್ಚಿ ಯೋಚಿಸಿದ. "ನನ್ನ ತೋಟಾದ ಬಾಯಿ ಸಣ್ಣದು, ಹೊಟ್ಟೇನೂ ಚಿಕ್ಕದು. ಅಷ್ಟು ಹಿಡಿಯಲ್ಲ. ಒಪ್ಕೊಂಡೆ ಅಂಕಲ್, ಹಳೇದೇ ಮೇಲು."

ಮಾವ ನನ್ನ ಬೆನ್ನು ತಟ್ಟಿದರು. "ವಿಮಾನ ಹೋದ್ರ ಹೋಗ್ಲಿ ಬಿಡ್ರಿ ಅಳಿಯಂದ್ರ, ನಾ ಗೆದ್ನಿ!"