ಕಿವಿಗೆ ಸಿಕ್ಕಿಸಿದ ವೈರು

ಎಲ್ಲ ರಾದ್ಧಾಂತಕ್ಕೂ ಕಾರಣವಾದದ್ದು ಕಡಲೆಕಾಳಿನ ಗಾತ್ರದ ಒಂದು ಇಯರ್‌ಫೋನು. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಅಜಿತ, ಕಾಯಿಪಲ್ಲೆಯವರು ಮೇಲೆ ಕೊತ್ತಂಬರಿ ಒಗೆದಂತೆ, ಅದನ್ನು ಸಿದ್ಧಾರೂಢ ಒಯ್ದ ಸಾಮಾನಿನ ಮೇಲೆ ಪುಕ್ಕಟೆ ಒಗೆದು ಕೊಟ್ಟ.

ಅಜಿತ ಮತ್ತು ನೇಸರಗಿಯ ಸಿದ್ಧಾರೂಢ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅಜಿತ ಬಿ.ಎ. ಅರ್ಧಕ್ಕೆ ಬಿಟ್ಟು ಅಂಗಡಿ ಹಾಕಿದ. ಸಿದ್ಧಾರೂಢ ಪೂರ್ತಿ ಮುಗಿಸಿ ಎರಡು ವರ್ಷದಿಂದ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕೂತಲ್ಲಿಂದಲೇ ಧಾರವಾಡದ ರೇಡಿಯೋದವರಿಗೆ ಒಂದು ಅರ್ಜಿ ಹಾಕಿದ್ದ. ಹಳ್ಳಿಯ ಸದ್ದುಗಳನ್ನು ಟೇಪಿನಲ್ಲಿ ತುಂಬಿ ತರಲು ಅವರಿಗೆ ಒಬ್ಬ ಹುಡುಗ ಬೇಕಾಗಿದ್ದ. ಅನುಭವ ಇದೆಯೇ ಎಂಬ ಪ್ರಶ್ನೆಗೆ ಸಿದ್ಧಾರೂಢ 'ಸಾಕಷ್ಟು' ಎಂದು ಬರೆದಿದ್ದ. ಟೇಪ್ ರೆಕಾರ್ಡರನ್ನು ಅವನು ಅಲ್ಲಿಯತನಕ ಮುಟ್ಟಿರಲಿಲ್ಲ.

ಬುಧವಾರ ಸಂಜೆ ಕಾರ್ಡು ಬಂತು. ಸಾಹೇಬರು ಗುರುವಾರ ಸಂಜೆ ಆರಕ್ಕೆ ಫೋನು ಮಾಡುತ್ತಾರೆ, ಮೂರು ಸದ್ದು ತುಂಬಿಟ್ಟುಕೊಂಡು ಫೋನಿನಲ್ಲೇ ಕೇಳಿಸಬೇಕು, ಹಿಡಿಸಿದರೆ ಸೋಮವಾರದಿಂದ ಕೆಲಸ. ಗುರುವಾರ ಮುಂಜಾನೆ ಮೊದಲ ಬಸ್ಸಿಗೆ ಸಿದ್ಧಾರೂಢ ಅಜಿತನ ಅಂಗಡಿಯಲ್ಲಿ ಹಾಜರಿದ್ದ.

"ಏನೇನ್ ತುಂಬಾಂವ ನೀ?" ಅಜಿತ ಕೇಳಿದ.

"ರೊಟ್ಟಿ ಬಡಿಯೋ ಸಪ್ಪಳ. ಬಾವಿ ಮ್ಯಾಲಿನ ಗೀಜಗದ ಸಪ್ಪಳ. ಹಿಟ್ಟಿನ ಗಿರಣಿ ಪಟ್ಟಾದ ಸಪ್ಪಳ."

ಅಜಿತ ಬೆಸುಗೆ ಹಾಕುವ ಕಡ್ಡಿಯನ್ನು ಕೆಳಗಿಟ್ಟ. "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

ಕಾರ್ಡು ತೋರಿಸಿದ ಮೇಲೆ ಅಜಿತ ಗಂಭೀರನಾದ. ಸಿದ್ಧಾರೂಢನ ಕಣ್ಣು ಕಪಾಟಿನ ಮೇಲಿನ, ಎರಡು ಸ್ಪೀಕರಿನ, ಕೆಂಪು ಹಸಿರು ದೀಪ ಕುಣಿಯುವ ದೊಡ್ಡ ಟೇಪಿನ ಮೇಲಿತ್ತು.

"ಅದು ಹಾಡು ಕೇಳಾಕ, ತುಂಬಾಕಲ್ಲ. ಗೀಜಗ ಅದರ ಲೈಟ್ ನೋಡಿ ಗೂಡು ಬಿಟ್ಟು ಓಡ್ತೈತಿ."

"ಹಂಗಾರ ಆ ಮೈಕು?" ಸಿದ್ಧಾರೂಢ ಮೂಲೆಯಲ್ಲಿ ಒರಗಿಸಿದ್ದ ಪೆಂಡಾಲಿನ ಮೈಕು ತೋರಿಸಿದ.

"ಅದು ಮದಿವ್ಯಾಗ ಯಾರ್ ಏನ್ ಆಯೇರಿ ಕೊಟ್ರು ಅಂತ ಓದಾಕ. ಬಾಯಾಗ ಇಟ್ಕೊಂಡು ಒದರಿದ್ರಷ್ಟ ಅದಕ್ಕ ಕೇಳಸ್ತೈತಿ. ಗೀಜಗ ಬಂದು ನಿನ್ನ ಮೈಕ್ ಕಚ್ತೈತೇನ?"

ಕೊನೆಗೆ ಅಜಿತ ಗಾಜಿನ ಪೆಟ್ಟಿಗೆಯಿಂದ ಅಂಗಿ ಜೇಬಿಗೆ ಹಿಡಿಯುವ ಕಪ್ಪು ಟೇಪೊಂದನ್ನು ತೆಗೆದ. ಸೆಕೆಂಡ್ ಹ್ಯಾಂಡ್. ಪೇಪರಿನ ವರದಿಗಾರನೊಬ್ಬ ಮಾರಿದ್ದು.

"ಹೊಸದಾಗಿ ಕಲಿಯಾಂವಗ ಇದ ಸಾಕು. ಆದ್ರ ಒಳಗಿನ ಮೈಕ್ ನಂಬಬ್ಯಾಡ. ಅದು ಮೋಟರಿನ ಮಗ್ಗಲಕ್ಕ ಕುಂತಿರ್ತೈತಿ, ಗುರ್ರ್ ಅಂತ ಅದನ್ನ ತುಂಬ್ಕೋತೈತಿ. ಈ ಸಣ್ಣ ಮೈಕ್ ಹೊರಗಿಂದ ಹಚ್ಚು. ಗಾಳಿ ಬಡದ್ರ ಗುಡುಗಿದಂಗ ಆಗ್ತೈತಿ, ಮೆತ್ತನ್ನ ಅರಿವಿ ಸುತ್ತು. ಕ್ಯಾಸೆಟ್ ಅರವತ್ತು ನಿಮಿಷದ್ದ ಒಯ್ಯಿ. ತೊಂಬತ್ತರದ್ರ ರೀಲು ಉಳ್ಳಾಗಡ್ಡಿ ಸಿಪ್ಪಿಯಂಗ ತೆಳ್ಳಗ ಇರ್ತೈತಿ, ಸುತ್ತಿಕೊಂಡು ಕುಂದರ್ತೈತಿ. ಮತ್ತ ಇದು ಇಯರ್‌ಫೋನ್. ಮೈಕಿಗೆ ಏನ್ ಕೇಳಸ್ತೈತಿ ಅದು ನಿನಗೂ ಕೇಳಸಬೇಕಲ್ಲ? ತುಂಬುವಾಗ ಕಿವ್ಯಾಗಿಂದ ತಗೀಬ್ಯಾಡ. ತಗದಿ ಅಂದ್ರ ಕುರುಡ ಗಾಡಿ ಹೊಡದಂಗ."

ಸಿದ್ಧಾರೂಢ ಆಜ್ಞಾಧಾರಕ. ಅಂಗಡಿಯಲ್ಲೇ ಕಿವಿಗೆ ಸಿಕ್ಕಿಸಿಕೊಂಡ, ಟೇಪನ್ನು ಜೇಬಿಗೆ ಇಳಿಸಿದ, ಮೈಕನ್ನು ಅಂಗಿಯ ಗುಂಡಿಯ ಬಳಿ ಕಚ್ಚಿಸಿದ. ನೇಸರಗಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನಿಗೆ ಲೋಕವೇ ಬೇರೆಯಾಯಿತು. ಕಿಟಕಿಯ ಗಾಜು ನಡುಗುವುದು, ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಹೊರಳುವುದು, ಹಿಂದಿನ ಸೀಟಿನ ಕೋಳಿ ಬುಟ್ಟಿಯೊಳಗೆ ಗೊಣಗುವುದು ಎಲ್ಲ ಕಿವಿಯೊಳಗೇ ನಡೆಯುತ್ತಿತ್ತು. ಅವನು ಕಣ್ಣು ಮುಚ್ಚಿ ನಗುತ್ತ ಕೂತ.

ಪಕ್ಕದಲ್ಲಿ ನಿಜಗುಣಪ್ಪ ಬಂದು ಕೂತದ್ದು ಅವನಿಗೆ ಗೊತ್ತಾಗಲಿಲ್ಲ. ನಿಜಗುಣಪ್ಪ ಅವರ ಓಣಿಯ ಕಿರಾಣಿ ಅಂಗಡಿಯವರು. ಓಣಿಗಿದ್ದ ಒಂದೇ ಫೋನು ಅವರದು. ಅರ್ಜಿಯಲ್ಲಿ ಸಿದ್ಧಾರೂಢ ಕೊಟ್ಟದ್ದೂ ಅದೇ ನಂಬರು. ಅವರ ದನಿಯ ಬಗ್ಗೆ ಎರಡು ಮಾತಿರಲಿಲ್ಲ. ಅಂಗಡಿಯಲ್ಲಿ ಕೂತು 'ಅರ್ಧ ಕಿಲೋ ಬೆಲ್ಲಾ' ಎಂದರೆ ಹೊಲದಲ್ಲಿದ್ದ ಎತ್ತು ಕಿವಿ ನಿಮಿರಿಸುತ್ತಿತ್ತು.

"ಏನ್ ಸಿದ್ದಪ್ಪಾ, ಬೈಲಹೊಂಗಲದಾಗ ಏನ್ ಕೆಲಸಿತ್ತು?"

ಸಿದ್ಧಾರೂಢ ಕಣ್ಣು ತೆರೆಯದೆ ಬೆರಳೆತ್ತಿದ. ಕೋಳಿ ಈಗಷ್ಟೇ ಲಯ ಹಿಡಿದಿತ್ತು.

ನಿಜಗುಣಪ್ಪ ಮತ್ತೆ ಕೇಳಿದರು. ಮತ್ತೆ ಬೆರಳು. ಆಗ ಅವರು ಹುಡುಗನ ಕಿವಿ ನೋಡಿದರು, ವೈರು ನೋಡಿದರು, ವೈರು ಇಳಿದ ಜೇಬಿನಲ್ಲಿ ಉಬ್ಬಿದ ಡಬ್ಬಿ ನೋಡಿದರು. ಅವರ ಮಾವನಿಗೂ ಇಂಥದೇ ಕಿವಿ ಮಷಿನ್ ಇತ್ತು. ಇದೇ ವೈರು, ಇದೇ ಡಬ್ಬಿ. ಸಾಯುವವರೆಗೂ ಜೇಬಿನಿಂದ ಇಳಿಸಿರಲಿಲ್ಲ.

ನಿಜಗುಣಪ್ಪ ಲೊಚಗುಟ್ಟಿದರು. ಜೇಬಿನ ಹತ್ತಿರ ಬಾಗಿ, ತಮ್ಮ ಪೂರ್ತಿ ದನಿಯಲ್ಲಿ ಕೇಳಿದರು: "ತಮ್ಮಾ! ಯಾವಾಗಿಂದೋ ಇದು?"

ಸಿದ್ಧಾರೂಢ ಸೀಟಿನಿಂದ ಒಂದು ಗೇಣು ಮೇಲೆದ್ದ. ಇಯರ್‌ಫೋನಿನಲ್ಲಿ ಕಲ್ಲಿನ ಕ್ವಾರಿ ಸಿಡಿದಂತಾಗಿತ್ತು. ಎದೆ ಹಿಡಿದುಕೊಂಡು ಹೇಳಿದ: "ಇವತ್ತ ಹಾಕ್ಕೊಂಡೇನಿ ಕಾಕಾ. ಇನ್ನೂ ರೂಢಿ ಆಗಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ." ಕೆಲಸ ಸಿಗುವ ಮುಂಚೆ ರೇಡಿಯೋದ ಸುದ್ದಿ ಊರಿಗೆ ತಿಳಿಯುವುದು ಅವನಿಗೆ ಬೇಕಿರಲಿಲ್ಲ.

"ನನ್ನ ಹೊಟ್ಟಿ ಬಿಟ್ಟು ಹೊರಗ ಬರಂಗಿಲ್ಲ," ಎಂದು ನಿಜಗುಣಪ್ಪ ಅವನ ಹೆಗಲು ಒತ್ತಿದರು. ಬಸ್ಸು ಇಳಿದವರೇ ಚಹಾದಂಗಡಿ, ಗಿರಣಿ, ಹಜಾಮರ ಕಟ್ಟೆ ಇಷ್ಟು ಕಡೆ ಮಾತ್ರ ನಿಂತು ಮನೆಗೆ ಹೋದರು.

ಸಿದ್ಧಾರೂಢ ಮೊದಲು ಗಿರಣಿಗೆ ಹೋದ. ಕರೆಂಟು ಹೋಗಿತ್ತು. ಗಿರಣಿಯವನು ಅವನನ್ನು ನೋಡಿ, ಕೈಯಿಂದ ದೀಪ ತೋರಿಸಿ, ಇಲ್ಲ ಎಂದು ತಲೆ ಅಲ್ಲಾಡಿಸಿ, ಕಡೆಗೆ ಎರಡೂ ಕೈ ಆಕಾಶಕ್ಕೆ ಎತ್ತಿದ. ಈ ಮನುಷ್ಯ ಮೂಗನಾದದ್ದು ಯಾವಾಗ ಎಂದು ಸಿದ್ಧಾರೂಢ ಆಶ್ಚರ್ಯಪಟ್ಟ.

ಮನೆಯಲ್ಲಿ ಅವ್ವ ಸಾವಂತ್ರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಟಪ್ ಟಪ್ ಟಪ್. ಒಳ್ಳೆಯ ಹದದಲ್ಲಿತ್ತು. ಮೈಕಿಗೆ ಸುತ್ತಲು ಮೆತ್ತನೆಯ ಬಟ್ಟೆ ಹುಡುಕಿದಾಗ ಪೆಟ್ಟಿಗೆಯಲ್ಲಿ ಅವನೇ ಕೂಸಾಗಿದ್ದಾಗ ತಲೆಗೆ ಹಾಕುತ್ತಿದ್ದ ಕುಂಚಿಗೆ ಸಿಕ್ಕಿತು. ಅದನ್ನು ಮೈಕಿನ ತಲೆಗೆ ತೊಡಿಸಿ, ಕೋಲಿಗೆ ಕಟ್ಟಿ, ಮೆಲ್ಲನೆ ರೊಟ್ಟಿ ಬಡಿಯುವ ಕೊಣಮಿಗೆಯ ಹತ್ತಿರ ಹಿಡಿದ.

ಟಪ್ ಟಪ್ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮುದುಕಿ ಕೆಂಚವ್ವನ ಕಡೆ ತಿರುಗಿದಳು.

"ನೋಡಬೇ ಕೆಂಚವ್ವ. ಎರಡು ವರ್ಷದಿಂದ ನೌಕರಿ ಹುಡುಕು ಅಂತ ಒದರಾಕ ಹತ್ತೀನಿ. ಹೂಂ ಅನ್ನವಲ್ಲ ಹಾಂ ಅನ್ನವಲ್ಲ ಅಂತ ಇವನ್ನ ಬೈತಿದ್ದೆ. ಪಾಪ, ನನ್ನ ಕೂಸಿಗೆ ಕೇಳಸ್ತಿದ್ದಿಲ್ಲ."

"ಕಿವಿ ಅಷ್ಟ ಅಲ್ಲವಾ," ಕೆಂಚವ್ವ ಕೋಲಿನ ತುದಿಯ ಕುಂಚಿಗೆ ನೋಡುತ್ತ ಹೇಳಿದಳು. "ಮ್ಯಾಲಿಂದೂ ಸ್ವಲ್ಪ ಹೋದಂಗ ಐತಿ."

"ಯವ್ವ, ಯಾರಿಗೆ ಕೇಳಸಂಗಿಲ್ಲ? ನನಗ ಎಲ್ಲಾ ಕೇಳಸ್ತೈತಿ! ಇದು ಟೇಪು. ನಿನ್ನ ರೊಟ್ಟಿ ಸಪ್ಪಳ ತುಂಬ್ಕೊಳಾಕ ಹತ್ತೀನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ರೊಟ್ಟಿ ಸಪ್ಪಳ?" ಕೆಂಚವ್ವ ನಿಧಾನವಾಗಿ ಅಂದಳು. "ಕಿವಿ ಇದ್ದವ್ರಿಗೆ ಅದು ದಿನಾ ಪುಕಟ ಕೇಳಸ್ತೈತಿ ತಮ್ಮಾ. ಕೇಳಸದವ್ರಷ್ಟ ಅದನ್ನ ಡಬ್ಬ್ಯಾಗ ತುಂಬ್ಕೋಬೇಕು."

ಸಿದ್ಧಾರೂಢ ಕೋಲನ್ನು ಬಗಲಿಗೆ ಒತ್ತಿಕೊಂಡ. ಬಡಿ ಯವ್ವ ಬಡಿ ಎಂದು ಕೈ ಮುಗಿದ. ಅವ್ವ ಬಡಿದಳು. ಆದರೆ ಎರಡು ಸಲ ಬಡಿಯುವುದು, ಕುಂಚಿಗೆಗೆ ಬಾಯಿ ಹಚ್ಚಿ "ಈಗ ಕೇಳಸ್ತೇನಪಾ?" ಎಂದು ಕಿರಿಚುವುದು. ಮತ್ತೆರಡು ಬಡಿತ, "ಈಗ?" ಕಾಲು ಗಂಟೆಯಲ್ಲಿ ಸಿದ್ಧಾರೂಢನ ಒಂದು ಕಿವಿಯಲ್ಲಿ ನಿಜವಾಗಿಯೂ ಗುಂಯ್ ಎನ್ನತೊಡಗಿತು.

ಉಳಿದದ್ದು ಗೀಜಗ. ಊರಾಚೆಯ ಹಳೆಯ ಬಾವಿಗೆ ಬಾಗಿದ ಜಾಲಿಯ ಕೊಂಬೆಯಲ್ಲಿ ಹತ್ತಾರು ಗೂಡು ತೂಗುತ್ತಿದ್ದವು. ಸಿದ್ಧಾರೂಢ ಬಾವಿಯ ದಂಡೆಯ ಮೇಲೆ ಅಂಗಾತ ಮಲಗಿ ಕೋಲನ್ನು ಮೇಲಕ್ಕೆತ್ತಿದ. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಕಿವಿಯೊಳಗೆ ಚಿರ್ ಚಿರ್ ಎಂದು ಇಡೀ ಒಂದು ಸಂತೆ ನೆರೆಯಿತು. ಗಂಡು ಗೀಜಗ ಹುಲ್ಲಿನ ಎಳೆ ಎಳೆಯುವುದೂ ಕೇಳಿಸಿತು. ಅವನಿಗೆ ಒಂದು ಕ್ಷಣ ಕೆಲಸ, ಸಾಹೇಬರು, ಸೋಮವಾರ ಎಲ್ಲ ಮರೆತುಹೋಯಿತು. ಇಷ್ಟು ಸುಖ ಅವನಿಗೆ ಬಿ.ಎ. ಪಾಸಾದ ದಿನವೂ ಆಗಿರಲಿಲ್ಲ.

"ಏ ಸಿದ್ದಪ್ಪಾ! ಬಾವಿ ಐತೋ! ಹಿಂದಕ್ಕ ಸರಿಯೋ!"

ಗೀಜಗಗಳು ಒಂದೇ ಏಟಿಗೆ ಹಾರಿದವು. ಹೊಲದ ಆ ತುದಿಯಲ್ಲಿ ನಿಜಗುಣಪ್ಪ ಧೋತರ ಎತ್ತಿ ಹಿಡಿದು ಓಡಿಬರುತ್ತಿದ್ದರು. ಕಿವುಡ ಹುಡುಗ ಬಾವಿಯ ಕಡೆ ಹೋದನೆಂದು ಅವ್ವ ಬಾಯಿ ಬಡಿದುಕೊಂಡಿದ್ದಳಂತೆ. ಅವರ ಹಿಂದೆ ಅವ್ವ, ಅವ್ವನ ಹಿಂದೆ ಕೆಂಚವ್ವ, ಅವಳ ಹಿಂದೆ ಅರ್ಧ ಓಣಿ.

"ನಾ ಕಿವುಡ ಅಲ್ಲಾ!" ಸಿದ್ಧಾರೂಢ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ. "ನನಗ ಕೇಳಸ್ತೈತೀ!"

"ಕೇಳಿದ್ರ್ಯಾ?" ನಿಜಗುಣಪ್ಪ ಎಲ್ಲರ ಕಡೆ ತಿರುಗಿ ದುಃಖದಿಂದ ತಲೆಯಾಡಿಸಿದರು. "ಎಷ್ಟು ಜೋರು ಒದರಾಕ ಹತ್ತಾನ ನೋಡ್ರಿ. ತನ್ನ ದನಿ ತನಗ ಕೇಳಸಂಗಿಲ್ಲ ಇವಗ. ನಮ್ಮ ಮಾವನೂ ಹಿಂಗ ಇದ್ದ."

ಸಿದ್ಧಾರೂಢ ದನಿ ತಗ್ಗಿಸಿ, ಸಮಾಧಾನದಿಂದ, "ಕಾಕಾ, ನೀವು ಏನಂದ್ರಿ ಅನ್ನೋದು ನನಗ ಸ್ವಚ್ಛ ಕೇಳಸ್ತು," ಎಂದ.

"ತುಟಿ ನೋಡಿ ತಿಳಕೊಂತಾನ," ಕೆಂಚವ್ವ ಮೆಚ್ಚುಗೆಯಿಂದ ಅಂದಳು. "ಶಾಣ್ಯಾ ಅದಾನ. ತಡಾ ಮಾಡಬ್ಯಾಡ್ರಿ, ಔಷಧ ಮಾಡೋಣ."

ಕೆಂಚವ್ವನ ಔಷಧ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಇಬ್ಬರು ಕಾಲು ಹಿಡಿದರು, ನಿಜಗುಣಪ್ಪ ತಲೆ ಹಿಡಿದರು. ಎಡಗಿವಿ ತುಂಬಿ ಅರಳೆ, ಬಲಗಿವಿ ತುಂಬಿ ಅರಳೆ. ಬೈಲಹೊಂಗಲ ಸೀಮೆಯ ಅರಳೆ, ಗಟ್ಟಿಯಾಗಿ ಕೂತಿತು. ದೀಪ ಹಚ್ಚುವವರೆಗೂ ತೆಗೆಯಬಾರದೆಂದು ಕೆಂಚವ್ವ ಕೋಲು ಹಿಡಿದು ಕಾವಲಿಗೆ ನಿಂತಳು. ಲೋಕ ಒಮ್ಮೆಲೇ ದೂರ ಸರಿಯಿತು. ಎಲ್ಲರ ಬಾಯಿ ಆಡುತ್ತಿತ್ತು. ಸಿದ್ಧಾರೂಢನಿಗೆ ಬಾವಿಯ ತಳದಲ್ಲಿ ಕೂತು ಮೇಲಿನವರ ಮಾತು ಕೇಳಿದಂತೆ ಆಗುತ್ತಿತ್ತು.

ಆರಕ್ಕೆ ಅವನು ನಿಜಗುಣಪ್ಪನ ಅಂಗಡಿಯ ಬೆಂಚಿನ ಮೇಲೆ ಟೇಪನ್ನು ಮೊದಲಿಗೆ ತಿರುಗಿಸಿಟ್ಟುಕೊಂಡು ಕೂತಿದ್ದ. ಫೋನು ಬಂದದ್ದು ಗೊತ್ತಾದದ್ದು ನಿಜಗುಣಪ್ಪ ಅವನ ಮೊಣಕಾಲಿಗೆ ಹೊಡೆದಾಗ. ಹಾರಿ ರಿಸೀವರ್ ಹಿಡಿದ.

"ನಮಸ್ಕಾರ್ರಿ ಸಾಹೇಬ್ರ!"

ಅತ್ತಲಿಂದ ಗುಳು ಗುಳು ಸದ್ದು ಬಂತು. ಹುಕ್ಕಾ ಎಳೆದಂತೆ.

"ಹಾಂ? ಏನಂದ್ರಿ? ಸ್ವಲ್ಪ ಜೋರಾಗಿ ಹೇಳ್ರಿ! ಕೇಳಸವಲ್ಲದು!"

ಅರಳೆ ಕೀಳಲು ಕೈ ಹಾಕಿದ. ಕೆಂಚವ್ವ ಕೈಯ ಮೇಲೆ ಹೊಡೆದಳು. ನಿಜಗುಣಪ್ಪ ಮೃದುವಾಗಿ ರಿಸೀವರ್ ಕಸಿದುಕೊಂಡರು. ಅವರ ಬಾಯಿ ಬಹಳ ಹೊತ್ತು ಆಡಿತು. ಒಂದು ಸಲ ತಮ್ಮ ಕಿವಿ ಮುಟ್ಟಿ ತೋರಿಸಿದರು, ಫೋನಿನವರಿಗೆ ಕಾಣುತ್ತದೆ ಎನ್ನುವ ಹಾಗೆ. ಆಮೇಲೆ ಟೇಪು ತೆಗೆದುಕೊಂಡು, ಇಯರ್‌ಫೋನಿನ ವೈರು ಕಿತ್ತು, ಗುಂಡಿ ಒತ್ತಿ ರಿಸೀವರಿಗೆ ಹಿಡಿದರು. ಬಹಳ ಹೊತ್ತು ಹಿಡಿದರು. ನಂತರ ಮತ್ತೆ ಮಾತು. ಅವರ ಮುಖ ನಿಧಾನವಾಗಿ, ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬತೊಡಗಿತು.

ಫೋನು ಇಟ್ಟರು. ಸಿದ್ಧಾರೂಢ ಇನ್ನು ತಡೆಯಲಾರದೆ ಅರಳೆ ಕಿತ್ತೊಗೆದ. ಎಣ್ಣೆ ಕುತ್ತಿಗೆಗೆ ಇಳಿಯಿತು.

"ಏನಂದ್ರು ಕಾಕಾ?"

"ರೊಟ್ಟಿ ಸಪ್ಪಳ ಕೇಳಸ್ಲಿಲ್ಲಂತ," ನಿಜಗುಣಪ್ಪ ಅವನ ಕಿವಿಗೆ ಬಾಯಿ ಹಚ್ಚಿ ಸಾರಿದರು. "ಹಕ್ಕಿ ಅಷ್ಟಕ್ಕಷ್ಟಂತ. ಆದ್ರ 'ಬಾವಿ ಐತೋ, ಹಿಂದಕ್ಕ ಸರಿಯೋ' ಅಂತ ಒದರಿದವ್ರು ಯಾರು ಅಂತ ಕೇಳಿದ್ರು. ನಾನ ಅಂದೆ. ರೈತರ ಕಾರ್ಯಕ್ರಮದಾಗ ಮಾತಾಡಾಕ ಇಂಥ ದನಿನ ಹುಡುಕಾಕ ಹತ್ತಿದ್ರಂತ! ಸೋಮವಾರ ಬರ್ರಿ ಅಂದಾರ."

"ಮತ್ತ ನನಗ?"

"ನಿನ್ನ ಕಿವಿ ವಿಚಾರ ಎಲ್ಲಾ ಹೇಳೀನಿ. ಕಿವಿ ಕೇಳಸದಿದ್ರೂ ಎಷ್ಟು ಹುರುಪು ಐತ್ರಿ ಹುಡುಗಗ ಅಂತ ಭಾಳ ಮೆಚ್ಚಿಕೊಂಡ್ರು. ಆದ್ರ ಸದ್ದು ತುಂಬೋ ಕೆಲಸಕ್ಕ ಕಿವಿ ಬೇಕಾಗ್ತೈತಂತ, ಅದಕ್ಕ ಬ್ಯಾರೆಯವ್ರನ್ನ ನೋಡ್ತಾರಂತ." ನಿಜಗುಣಪ್ಪ ಟೇಪನ್ನು ತಮ್ಮ ಜೇಬಿಗೆ ಇಳಿಸಿಕೊಂಡರು. "ಸೋಮವಾರದ ಮಟ ಇದು ನನ್ನ ಕಡೆ ಇರ್ಲಿ. ಸ್ವಲ್ಪ ರೂಢಿ ಮಾಡ್ಕೋತೇನಿ. ಆವತ್ತ ಗಲ್ಲಾದ ಮ್ಯಾಲ ನೀ ಕುಂದ್ರು. ಕೆಲಸ ಇಲ್ಲ ಅಂತ ಮರಗಬ್ಯಾಡ. ಕಾಯಂ ಬೇಕಾದ್ರ ಕಾಯಂ."

ಅವ್ವ ಅಲ್ಲಿಯೇ ನಿಜಗುಣಪ್ಪನ ಕಾಲು ಮುಟ್ಟಿದಳು. ಎರಡು ವರ್ಷದ ಮೇಲೆ ಮಗನಿಗೆ ನೌಕರಿ ಸಿಕ್ಕಿತ್ತು.

ಸೋಮವಾರ ಮುಂಜಾನೆ ಸಿದ್ಧಾರೂಢ ಗಲ್ಲಾದ ಮೇಲೆ ಕೂತ. ನೆರಳಿತ್ತು, ಕೈಗೆಟುಕುವಲ್ಲಿ ಶೇಂಗಾದ ಡಬ್ಬಿ ಇತ್ತು. ನಿಜ ಹೇಳಬೇಕೆಂದರೆ ಮನೆಯ ಕಟ್ಟೆಗಿಂತ ಅಡ್ಡಿಯಿಲ್ಲ ಅನಿಸಿತು. ಗಿರಾಕಿಗಳು ಒಬ್ಬೊಬ್ಬರೇ ಬಂದರು. ಯಾರೂ ಬಾಯಿ ಬಿಡಲಿಲ್ಲ. ಸಕ್ಕರೆಗೆ ನಾಲಿಗೆ ಚಪ್ಪರಿಸಿದರು, ಕಡ್ಡಿಪೆಟ್ಟಿಗೆಗೆ ಬೆರಳು ಗೀರಿದರು, ಖಾರಪುಡಿಗೆ ಹುಸ್ಸೆಂದು ಗಾಳಿ ಹಾಕಿಕೊಂಡರು. ಇಡೀ ಓಣಿ ಅವನ ಸಲುವಾಗಿ ಕೈಸನ್ನೆಗೆ ಇಳಿದಿತ್ತು.

ಆ ಮೌನದಲ್ಲಿ, ಮೂರು ಮನೆಯಾಚೆ ಅವ್ವ ರೊಟ್ಟಿ ಬಡಿಯುವುದು ಕೇಳಿಸಿತು. ಟಪ್ ಟಪ್ ಟಪ್. ಒಂದಿಷ್ಟೂ ಗುರ್ರೆನ್ನದೆ, ಗಾಳಿ ಬಡಿಯದೆ, ಯಾರೂ ಕೂಗದೆ. ದೂರದಲ್ಲಿ ಗಿರಣಿಯ ಪಟ್ಟಾ ಸುರುವಾಯಿತು. ಅಂಗಡಿಯ ಮುಂದಿನ ತಂತಿಯ ಮೇಲೆ ಒಂದು ಗೀಜಗ ಬಂದು ಕೂತು, ಹತ್ತಿರವೇ, ಹಾಡಿತು.

ಸಿದ್ಧಾರೂಢನ ಕೈ ತಾನಾಗಿಯೇ ಅಂಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಇಯರ್‌ಫೋನು ಒಂದೇ ಇತ್ತು. ಟೇಪು ನಿಜಗುಣಪ್ಪನ ಸಂಗಡ ಧಾರವಾಡದ ಬಸ್ಸಿನಲ್ಲಿತ್ತು.